ನಾನೇ ರದ್ದು ಮಾಡಿದ ವರದಿ

ಕೋವಿಡ್ ಮುಗಿದ ಮರುವರ್ಷ ನಾನು ಬಂಗಾರಪೇಟೆಯ ಸರ್ಕಾರಿ ನೀರು ಪರೀಕ್ಷಾ ಲ್ಯಾಬಿನಲ್ಲಿ ಹಿರಿಯ ಕೆಮಿಸ್ಟ್ ಆಗಿದ್ದೆ. ಆ ಬೇಸಿಗೆಯಲ್ಲಿ ಒಂದು ತೈಲ ಕಂಪನಿಯ ಜೀಪು ಬಂದು ಪ್ಲಾಸ್ಟಿಕ್ ಕ್ಯಾನೊಂದನ್ನು ಇಳಿಸಿತು. ಅದು ಬೂದಿಕೋಟೆ ಹತ್ತಿರದ ಹಳ್ಳಿಯೊಂದರ ಬಾವಿ ನೀರು. ಪೆಟ್ರೋಲ್, ಡೀಸೆಲ್ ಸಾಗಿಸುವ ಕಂಪನಿಯ ಪೈಪ್‌ಲೈನ್ ಆ ಊರಿನ ಹೊಲಗಳ ಕೆಳಗೆ ಹಾದುಹೋಗಿತ್ತು. ನೀರಿನಲ್ಲಿ ವಾಸನೆ ಬರುತ್ತಿದೆ ಎಂದು ಊರಿನವರು ದೂರು ಕೊಟ್ಟಿದ್ದರು.

ನಾನು ಎಂದಿನಂತೆ ಲವಣ, ಫ್ಲೋರೈಡ್, ನೈಟ್ರೇಟ್ ನೋಡಿದೆ. ಎಲ್ಲವೂ ಮಿತಿಯಲ್ಲಿದ್ದವು. ‘ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕಿದೆ. ಕ್ಯಾನ್ ಅರ್ಧ ಮಾತ್ರ ತುಂಬಿತ್ತು. ಅದನ್ನು ಯಾರು ತುಂಬಿದರು, ಯಾವಾಗ ತುಂಬಿದರು ಎಂದು ಕೇಳಲಿಲ್ಲ.

ಹತ್ತು ದಿನ ಕಳೆದ ಮೇಲೆ ಅದೇ ಹಳ್ಳಿಯ ಮುನಿಯಮ್ಮ ಎಂಬ ಹೆಂಗಸು ಬೂದಿಕೋಟೆ ಬಸ್ಸಿನಲ್ಲಿ ಲ್ಯಾಬಿಗೆ ಬಂದರು. ಮೂರು ಹಸು ಸಾಕಿ ಡೇರಿಗೆ ಹಾಲು ಹಾಕುವವರು. ಕೈಯಲ್ಲಿ ಬಟ್ಟೆ ಕಟ್ಟಿದ ಸ್ಟೀಲ್ ಚೊಂಬು.

“ಮೇಡಮ್ಮೋರೇ, ಇದನ್ನ ನೀವೇ ಒಂದ್ ಗುಟುಕು ಕುಡೀರಿ. ಕುಡಿದ್ರೆ ನಾನು ಸುಮ್ಕೆ ಓಗ್ತೀನಿ. ನಮ್ ಅಸ ಇದಕ್ಕೆ ಮೂತಿ ಇಕ್ತಿಲ್ಲ.”

ಚೊಂಬಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಪೆಟ್ರೋಲ್ ಬಂಕಿನಲ್ಲಿ ನಿಂತಂತಾಯಿತು.

ನನ್ನ ವರದಿಯನ್ನು ತೋರಿಸಿ, ಪರಿಹಾರಕ್ಕಾಗಿ ಊರಿನವರು ಸುಳ್ಳು ಹೇಳುತ್ತಿದ್ದಾರೆ ಎಂದು ಕಂಪನಿಯವರು ಹೇಳಿದ್ದರಂತೆ. ಆಕೆಯ ಗಂಡ ನಾರಾಯಣಪ್ಪ ಸಿಟ್ಟಿನಲ್ಲಿ ಜೀಪಿಗೆ ಅಡ್ಡ ನಿಂತಿದ್ದರು. “ಎಲ್ಡು ದಿನದಿಂದ ಪೊಲೀಸ್ರು ಟೇಸನ್ನಾಗೆ ಕೂರ್ಸವ್ರೆ. ಕೇಸೂ ಇಲ್ಲ, ಕೋರ್ಟೂ ಇಲ್ಲ,” ಎಂದರು ಮುನಿಯಮ್ಮ. ಆ ವರದಿಗೆ ಸಹಿ ಹಾಕಿದ್ದು ನಾನು ಎಂದು ಆಗ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೇಲಧಿಕಾರಿಗೆ ಫೋನ್ ಮಾಡಿದೆ. “ಕೊಟ್ಟ ವರದಿ ವಾಪಸ್ ತಗೊಂಡ್ರೆ ಇಲಾಖೆ ಮರ್ಯಾದೆ ಏನಾಗುತ್ತೆ?” ಎಂದರು. ಅವರನ್ನು ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಗಾಜಿನ ಬಾಟಲಿ, ಐಸ್ ಪೆಟ್ಟಿಗೆ ತೆಗೆದುಕೊಂಡು ಮುನಿಯಮ್ಮನ ಜೊತೆಗೇ ಹೊರಟೆ. ಪೆಟ್ರೋಲಿನ ಅಂಶ ಬೇಗ ಆವಿಯಾಗುತ್ತದೆ. ಗಾಳಿಗೆ ಜಾಗವಿಲ್ಲದಂತೆ ಗಾಜಿನಲ್ಲಿ ತುಂಬಿ ತಣ್ಣಗಿಡಬೇಕು. ಅರ್ಧ ತುಂಬಿದ ಕ್ಯಾನಿನಲ್ಲಿ ಅದು ಉಳಿಯುವುದಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದ ವಿಷಯ.

ನಿಯಮದಂತೆ ಕಂಪನಿಗೂ ತಿಳಿಸಿದ್ದೆ. ಅವರ ಕಡೆಯಿಂದ ಸೆಲ್ವಂ ಎಂಬ ಯುವ ಎಂಜಿನಿಯರ್ ಬಂದಿದ್ದರು. ಕೆಜಿಎಫ್‌ನ ನಂದಿದುರ್ಗ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದವರು. ಪಂಪ್‌ಸೆಟ್ಟಿನ ಡೀಸೆಲ್ ಚೆಲ್ಲಿರಬೇಕು ಎಂದು ಹೇಳುವಂತೆ ಅವರಿಗೆ ಕಂಪನಿಯ ಸೂಚನೆ ಇತ್ತಂತೆ. ಬಾವಿಯಿಂದ ಸೇದಿದ ಬಿಂದಿಗೆಯ ಮೇಲೆ ಬಗ್ಗಿ ಮೂಸಿ, ಸುತ್ತಲಿನ ಹೊಲಗಳತ್ತ ನೋಡಿದರು.

“ಇಲ್ಲಿ ಡೀಸೆಲ್ ಪಂಪ್‌ಸೆಟ್ಟೇ ಇಲ್ಲ, ಮೇಡಂ. ಎಲ್ಲಾ ಕರೆಂಟ್ ಮೋಟ್ರು,” ಎಂದರು. ಸ್ಥಳದಲ್ಲೇ ಬರೆದ ಮಹಜರಿನಲ್ಲಿ ಅದನ್ನೇ ಬರೆಸಿ, ಸಾಕ್ಷಿಯಾಗಿ ಸಹಿ ಹಾಕಿದರು.

ಠಾಣೆಯಲ್ಲಿ ಆ ಮಹಜರಿನ ಪ್ರತಿ ನೋಡಿದ ಮೇಲೆ ಸಂಜೆ ಪೊಲೀಸರು ನಾರಾಯಣಪ್ಪನವರನ್ನು ಬಿಟ್ಟರು. ನಾನು ಬಾಟಲಿ ಕಳಿಸಿದ ಬೆಂಗಳೂರಿನ ಲ್ಯಾಬ್ ನೀರಿನಲ್ಲಿ ಪೆಟ್ರೋಲ್ ಅಂಶ ಇರುವುದನ್ನು ದೃಢಪಡಿಸಿತು. ಬಾವಿಯ ಮೇಲ್ಭಾಗದ ಹೊಲದಲ್ಲಿ ಅಗೆದಾಗ ಪೈಪಿನ ವೆಲ್ಡಿಂಗ್ ಸೀಳಿರುವುದು ಕಂಡುಬಂತು. ನಾನು ಹಳೆಯ ವರದಿಯನ್ನು ರದ್ದು ಮಾಡಿ, ತಪ್ಪು ನನ್ನದೆಂದು ಕಾರಣ ಬರೆದೆ. ನನಗೆ ಇಲಾಖೆಯಿಂದ ನೋಟಿಸ್ ಬಂತು. ಸೆಲ್ವಂ ಅವರನ್ನು ದೂರದ ಡಿಪೋಗೆ ವರ್ಗ ಮಾಡಿದರು. ಊರಿಗೆ ಟ್ಯಾಂಕರ್ ನೀರು ಬಂತು, ಬಾವಿಯನ್ನು ಮುಚ್ಚಬೇಕಾಯಿತು.

ಹೊಸ ವರದಿಯ ಪ್ರತಿ ಕೊಡಲು ನಾನೇ ಹೋದೆ. ಮುನಿಯಮ್ಮ ಅದನ್ನು ಗಂಡನ ಕೈಗೆ ಕೊಟ್ಟು ನನ್ನ ಮುಖ ನೋಡಿದರು. “ಮೊದಲ್ನೇ ಕಾಗ್ದಾನೂ ನೀವೇ ಬರ್ದಿದ್ದಾ?”

“ಹೌದಮ್ಮ, ನಾನೇ.”

“ಆವತ್ತೇ ಒಂದ್ಸಾರಿ ಬಂದು ನೋಡ್ಬೇಕಾಗಿತ್ತು, ಮೇಡಮ್ಮೋರೇ.” ದನಿಯಲ್ಲಿ ಸಿಟ್ಟಿರಲಿಲ್ಲ. ನಾರಾಯಣಪ್ಪ ಒಳಗಿನಿಂದ ಕುರ್ಚಿ ತಂದು ಹಾಕಿದರು. ಕೂರಲು ನನಗೆ ಬಹಳ ಕಷ್ಟವಾಯಿತು.

ನಿವೃತ್ತಿಯಾಗುವವರೆಗೂ, ದೂರು ಬಂದ ಪ್ರತಿ ಬಾವಿಗೂ ನಾನೇ ಹೋದೆ. ಮೊದಲು ಆ ನೀರು ಕುಡಿಯುವವರನ್ನು ಮಾತಾಡಿಸುತ್ತಿದ್ದೆ. ಆಮೇಲೆ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದೆ.