ರೈಟರ ಮನೆಗೆ ಕೊಟ್ಟ ಪಾಲು

ಹೊಂಗಡಹಳ್ಳದ ರಸ್ತೆಯಲ್ಲಿ ನಮ್ಮ ಮನೆಯೂ ರೈಟರ ಮನೆಯೂ ಅಕ್ಕಪಕ್ಕ. ಹಿಂದುಗಡೆ ಎರಡಕ್ಕೂ ಸೇರಿ ಒಂದೇ ಹಿತ್ತಲು. ನಾವಿಬ್ಬರೂ ದುಡಿಯುತ್ತಿದ್ದ ಕಾಫಿ ಎಸ್ಟೇಟ್ ಕೈಬದಲಾಗುವಾಗ ಹಳೇ ಸಾಹುಕಾರರು ಆ ಮುಕ್ಕಾಲು ಎಕರೆಯನ್ನು ನಮ್ಮಿಬ್ಬರ ಹೆಸರಿಗೂ ಒಂದೇ ಪತ್ರದಲ್ಲಿ ಬರೆದುಕೊಟ್ಟಿದ್ದರು. ರೈಟರು ಇಪ್ಪತ್ತು ವರ್ಷ ಎಸ್ಟೇಟ್ ಆಫೀಸಿನಲ್ಲಿ ಕೂತು ಲೆಕ್ಕ ಬರೆದವರು, ನಾನು ಇಪ್ಪತ್ತು ವರ್ಷ ಆಳುಗಳ ಹಿಂದೆ ನಿಂತ ಮೇಸ್ತ್ರಿ. ಮಂಗಳೂರು ಕಡೆಯ ಕ್ರಿಶ್ಚಿಯನ್ನರು ಅವರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಊರವರೆಲ್ಲ ಹೆಂಡತಿಯನ್ನು ರೈಟರಮ್ಮ ಎಂದೇ ಕರೆಯುತ್ತಿದ್ದರು.

ನಾನು ಓದಿದ್ದು ಅರ್ಧ ಐದನೇ ಕ್ಲಾಸು. ಆದರೆ ಆ ಹಿತ್ತಲಿನ ಮಣ್ಣನ್ನು ಹದಕ್ಕೆ ತಂದವನು ನಾನೊಬ್ಬನೇ. ಲಂಟಾನದ ಬುಡ ಕಿತ್ತು, ಇಳಿಜಾರಿಗೆ ಕಲ್ಲು ಕಟ್ಟಿ, ಸ್ಟೋರಿನ ಹಿಂದೆ ಕೊಳೆತ ಕಾಫಿ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ತಂದು ಹಾಕಿದ್ದೆ. ಮಾತು ಹೀಗೆ ಆಗಿತ್ತು: ಕೆಲಸ ನನ್ನದು, ಬೆಳೆದ ತರಕಾರಿ ಅರ್ಧರ್ಧ, ಹಲಸು ಸೀಬೆ ಅವರದು. ನನ್ನ ಹುರುಳಿಕಾಯಿ ನೋಡಲು ಬೆಳಗೋಡಿನಿಂದ ಜನ ಬರುತ್ತಿದ್ದರು. ಹೆಮ್ಮೆ ಇತ್ತು ನನಗೆ. ಈಗಲೂ ಇದೆ.

ತಕರಾರು ಶುರುವಾಗಿದ್ದು ಕಾಡುಕುರಿಯಿಂದ. ಹೆಸರಿಗೆ ಕುರಿ, ಜಾತಿಯಲ್ಲಿ ಸಣ್ಣ ಜಿಂಕೆ; ಕಿವಿ ಹರಿದ ಒಂದು ಹೆಣ್ಣು. ಹಲಸು ಉದುರುವ ಕಾಲದಲ್ಲಿ ಕೆಳಗಿನ ಹಳ್ಳದಿಂದ ಹತ್ತಿ ಬಂದು ತೊಳೆ ತಿಂದು ಹೋಗುತ್ತಿತ್ತು. ರೈಟರಮ್ಮ ಅದನ್ನು ಓಡಿಸಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹಿಡಿ ಕಲ್ಲುಪ್ಪು ಇಟ್ಟು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅದು ಬಂದು ಉಪ್ಪು ನೆಕ್ಕುವವರೆಗೂ ಮಿಸುಕುತ್ತಿರಲಿಲ್ಲ. ನಾಲ್ಕು ತಿಂಗಳಿಗೆ ಅದು ಅವರಿಂದ ಮೂರು ಮಾರು ದೂರಕ್ಕೆ ಬಂದು ನಿಲ್ಲುವಷ್ಟು ಹೊಂದಿಕೊಂಡಿತು. ಹಲಸಿನ ಕಾಲ ಮುಗಿದ ಮೇಲೆ ಅದು ನನ್ನ ಹುರುಳಿಕಾಯಿ ಗಿಡಕ್ಕೆ ಬಾಯಿ ಹಾಕಿತು.

ಮೂರು ಸಲ ಬಿತ್ತಿದೆ. ಮೂರು ಸಲವೂ ಎರಡೆಲೆ ಒಡೆಯುತ್ತಿದ್ದಂತೆ ಸಾಲಿಗೆ ಸಾಲೇ ಮಾಯ.

"ರೈಟ್ರೇ, ಮುಳ್ಳುತಂತಿ ಹಾಕ್ಬುಡಾನ," ಎಂದೆ. "ಕಂಬ ನಾನೇ ಕಡೀತೀನಿ, ಗುಂಡಿ ನಾನೇ ತೋಡ್ತೀನಿ. ನೀವು ಹೂಂ ಅಂದ್ರೆ ಸಾಕು."

ಪತ್ರ ಒಂದೇ ಆದ್ದರಿಂದ ಅವರು ಹೂಂ ಅನ್ನದೆ ನಾನು ಒಂದು ಗೂಟವನ್ನೂ ನೆಡುವಂತಿರಲಿಲ್ಲ.

"ಬೇಲಿ ಹಾಕಿದ್ರೆ ಅದು ಬರುವುದು ಹೇಗೆ ಮಾರಾಯ್ರೆ?" ಎಂದರು ರೈಟರು. "ಇವಳಿಗೆ ಮಾತಾಡ್ಲಿಕ್ಕೆ ಅದೊಂದು ಉಂಟು."

"ಮಾತಾಡಾಕೆ ನಾವಿಲ್ವಾ?"

"ನೀವು ಬರೀ ಗೊಬ್ಬರದ ಮಾತಾಡ್ತೀರಿ," ಎಂದು ರೈಟರಮ್ಮ ನಕ್ಕರು. ನನ್ನ ಹೆಂಡತಿಯೂ ನಕ್ಕಳು.

ನಾನು ನಗಲಿಲ್ಲ. "ಕಾಡುಪ್ರಾಣಿಗೆ ಉಪ್ಪು ತಿನ್ಸಿ ಮನೆಗೆ ಕರ್ಕಳದು ಎಲ್ಲಾದ್ರೂ ಐತಾ? ನಾಳೆ ಹಂದಿಗೂ ಎಲೆ ಹಾಕ್ತೀರಾ?"

ಆಗ ರೈಟರು, "ಅದು ಹಾಗಲ್ಲ, ಪುಸ್ತಕದಲ್ಲಿ ಎಲ್ಲ ಬರ್ದಿದ್ದಾರೆ, ನಿಮಗೆ ಕೊಡಬಹುದಿತ್ತು, ಆದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅದಕ್ಕೇ ಹೆಚ್ಚು ಉರಿಯಿತು. ಇಪ್ಪತ್ತು ವರ್ಷ ಅವರ ಮೇಜಿನ ಮುಂದೆ ನಿಂತು ಆಳುಗಳ ಹಾಜರಿ ಹೇಳಿದ್ದೆ. ಅಷ್ಟೂ ವರ್ಷ ಆ 'ಆದ್ರೆ' ಅವರ ಬಾಯಲ್ಲೇ ಇತ್ತೇನೋ ಅನ್ನಿಸಿತು.

ಬೈಕಿನ ಹಳೇ ಕ್ಲಚ್ ವೈರಿನಲ್ಲಿ ಉರುಲು ಮಾಡುವುದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಇರುವುದು ಪ್ರಾಣಿ ಎಲ್ಲಿ ಕಾಲಿಡುತ್ತದೆ ಎಂದು ತಿಳಿಯುವುದರಲ್ಲಿ. ಆ ಕೆಲಸವನ್ನು ರೈಟರಮ್ಮ ನನಗಾಗಿ ಮಾಡಿಟ್ಟಿದ್ದರು. ದಿನಾ ಉಪ್ಪಿಗೆ ಬಂದು ಬಂದು ಹಳ್ಳದಿಂದ ಒಗೆಯುವ ಕಲ್ಲಿಗೆ ಗೇಣಗಲದ ದಾರಿಯೇ ಬಿದ್ದಿತ್ತು. ಅದರ ತಿರುವಿನಲ್ಲಿ, ಅವರ ಮೆಟ್ಟಿಲಿಗೆ ಕಾಣದಂತೆ, ಸೀಬೆ ಗಿಡದ ಬುಡಕ್ಕೆ ಕಟ್ಟಿ ಬಂದೆ.

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಹೋದೆ. ಮುಂಗಾಲು ಸಿಕ್ಕಿತ್ತು. ವೈರು ಮೂಳೆಯವರೆಗೆ ಇಳಿದಿತ್ತು. ಸುತ್ತ ನೆಲವೆಲ್ಲ ಕೆರೆದು ಹೋಗಿತ್ತು. ನನ್ನನ್ನು ಕಂಡು ಅದು ಎಳೆದಾಡಲಿಲ್ಲ, ಸುಮ್ಮನೆ ನಿಂತಿತು. ಮನುಷ್ಯ ಬಂದರೆ ಉಪ್ಪು ಎಂದು ಅದಕ್ಕೆ ಅಭ್ಯಾಸವಾಗಿತ್ತು. ಕತ್ತಿಯ ಬೆನ್ನಿನಿಂದ ಹೊಡೆದೆ. ಮೊದಲ ಏಟು ಸರಿಯಾಗಿ ಬೀಳಲಿಲ್ಲ. ಎರಡನೆಯದಕ್ಕೆ ಮುಗಿಯಿತು.

ನಮ್ಮ ಕಡೆ ಬೇಟೆಗೊಂದು ಕಟ್ಟಳೆ ಇತ್ತು. ತಲೆ, ಒಂದು ತೊಡೆ ಹೊಡೆದವನಿಗೆ. ಪ್ರಾಣಿ ಯಾರ ನೆಲದಲ್ಲಿ ಬಿತ್ತೋ ಆ ಮನೆಗೂ ಒಂದು ಪಾಲು ಹೋಗಲೇಬೇಕು. ಅಪ್ಪನ ಕಾಲದಲ್ಲಿ ಮಾತು ಬಿಟ್ಟವರ ಮನೆಗೂ ನೆಲದ ಪಾಲು ತಪ್ಪಿಸುತ್ತಿರಲಿಲ್ಲ. ಚರ್ಮ, ಗೊರಸು ಎಲ್ಲ ಹೂತು ಬಂದು ನಾನು ಮುತ್ತುಗದೆಲೆಯಲ್ಲಿ ಪಾಲು ಕಟ್ಟತೊಡಗಿದಾಗ ಹೆಂಡತಿ ಕೈ ಹಿಡಿದಳು.

"ಕೊಂದಿದ್ದು ಕೊಂದ್ರಿ. ಅವ್ರಿಗೆ ಉಣ್ಣಿಸ್ಲೂ ಬೇಕಾ? ಬ್ಯಾಡ ಕಣ್ರೀ, ಪಾಪ ಸುತ್ಕತದೆ."

"ಅರ್ಧ ನೆಲ ಅವ್ರದ್ದು. ಪಾಲು ಕೊಡ್ದೆ ತಿಂದ್ರೆ ಕದ್ದಂಗೆ," ಎಂದೆ.

ನಾನೇ ತೆಗೆದುಕೊಂಡು ಹೋದೆ. ಬೆಳಗೋಡಿನ ಅಕ್ಕನ ಮನೆಯಲ್ಲಿ ಆಡು ಕಡಿದಿದ್ದರು ಎಂದೆ. ರೈಟರಮ್ಮ ಸಂತೋಷಪಟ್ಟರು. ಬೇಲಿಯ ಜಗಳ ಮರೆತು ಬಂದೆ ಎಂದುಕೊಂಡರು. ಮಧ್ಯಾಹ್ನಕ್ಕೆ ಕಾಯಿ ಹುರಿದು ಮಸಾಲೆ ಅರೆದು ಮಾಡಿದ ಸಾರನ್ನು ಒಂದು ಬಟ್ಟಲು ನಮ್ಮ ಮನೆಗೂ ತಂದುಕೊಟ್ಟರು. "ಎಳೇ ಆಡು ಮೇಸ್ತ್ರಿಗಳೇ, ಎರಡೇ ವಿಷಲಿಗೆ ಬೆಂತು," ಎಂದರು. ಹೆಂಡತಿ ಎಲೆ ಬಿಟ್ಟು ಎದ್ದಳು. ನಾನು ಊಟ ಮಾಡಿದೆ. ಅವರ ಕೈರುಚಿ ಚೆನ್ನಾಗಿತ್ತು.

ಅವತ್ತು ಸಂಜೆ ಅವರು ಎಂದಿನಂತೆ ಕಲ್ಲಿನ ಮೇಲೆ ಉಪ್ಪು ಇಟ್ಟು ಕೂತರು. ಮಾರನೇ ಸಂಜೆಯೂ ಕೂತರು. ವಾರ ಕಳೆದ ಮೇಲೆ, "ನಮ್ಮದನ್ನು ಎಲ್ಲಾದ್ರೂ ಕಂಡಿರಾ?" ಎಂದು ಕೇಳಿದರು.

"ಮಾರನಹಳ್ಳಿ ಕಡೆ ಇಳ್ದಿರ್ಬೇಕು ಬುಡಿ. ಆ ಕಡೆ ಮೇವು ಚೆನ್ನಾಗೈತೆ."

"ಬರ್ತದಾ?"

"ಉಪ್ಪಿನ ರುಚಿ ಬುಟ್ಟೋಯ್ತದಾ? ಬತ್ತದೆ."

ಯಾಕೆ ಹಾಗೆ ಹೇಳಿದೆ? ಅವರು ಕಾಯುವುದನ್ನು ನೋಡಬೇಕಿತ್ತು, ಅಷ್ಟೇ. ಮಂಜಿಗೆ ಉಪ್ಪು ನೀರಾಗಿ ಹರಿದು ಕಲ್ಲು ಬೆಳ್ಳಗಾಗಿತ್ತು. ಒಂದು ತಿಂಗಳಿನ ಮೇಲೂ ಅವರು ಹೊಸದು ಇಡುತ್ತಿದ್ದರು. ನಾನು ಹುರುಳಿಗೆ ಮಣ್ಣು ಏರಿಸುತ್ತ ನೋಡುತ್ತಿದ್ದೆ. ಆ ಸಲ ಬೆಳೆ ಬಂತು. ಅರ್ಧ ಅವರ ಮನೆಗೆ ತಪ್ಪದೆ ಹೋಯಿತು.

ಕ್ರಿಸ್‌ಮಸ್ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ತಟ್ಟೆಯಲ್ಲಿ ತಿಂಡಿ ಹಿಡಿದು ಬಂದರು. ಜಗಲಿಯ ಮೇಲೆ ಕೂತು ರೈಟರು ಮಾತು ತೆಗೆದರು.

"ಒಂದು ಮಾತು ಹೇಳ್ಬೇಕು ಮೇಸ್ತ್ರಿಗಳೇ. ಅದು ಕಾಣದೇ ಹೋದಾಗ ನಾನು ನಿಮ್ಮ ಮೇಲೆ ಸಂಶಯ ಪಟ್ಟೆ. ಇವಳ ಹತ್ರ ಹೇಳಿದ್ದೂ ಉಂಟು. ಇವಳು, ಮೇಸ್ತ್ರಿಗಳು ಅಂಥವರಲ್ಲ, ಓದದಿದ್ದರೂ ದೊಡ್ಡ ಮನಸ್ಸು ಅಂತ ನನಗೇ ಬೈದಳು. ಹಬ್ಬದ ಮುಂಚೆ ಕ್ಷಮೆ ಕೇಳಿಬಿಡುವ ಅಂತ ಬಂದೆವು."

ಅವರು ಬೈದಿದ್ದರೆ ನಾನು ಸುಳ್ಳನ್ನೇ ಸಾಧಿಸುತ್ತಿದ್ದೆ. ಫಾರೆಸ್ಟಿನವರನ್ನು ಕರೆತಂದಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಓದದಿದ್ದರೂ ದೊಡ್ಡ ಮನಸ್ಸು ಎಂಬ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

"ನಿಮ್ಮ ಸಂಶಯ ಸರಿ ಐತೆ ರೈಟ್ರೇ," ಎಂದೆ. "ಉರುಲು ಹಾಕಿದ್ದು ನಾನೇ. ನಾನು ತಂದ್ಕೊಟ್ಟೆನಲ್ಲ, ಆಡು ಅಂತ. ಅದೇ ಅದು."

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಮುಖ ಮುಚ್ಚಿಕೊಂಡಳು. ರೈಟರಮ್ಮನಿಗೆ ಮೊದಲು ಅರ್ಥವಾಗಲಿಲ್ಲ, ಗಂಡನ ಮುಖ ನೋಡಿದರು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಅವರ ಹಿತ್ತಲ ಬಚ್ಚಲಿನಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ನಮಗೆ ಕೇಳಿಸಿತು.

ರೈಟರು ಎದ್ದು ನಿಂತರು. "ನಾಳೆ ಹಬ್ಬ ಕಳೀಲಿ. ನಾಡಿದ್ದೇ ಸಕಲೇಶಪುರಕ್ಕೆ ಹೋಗಿ ಕಂಪ್ಲೇಂಟ್ ಕೊಡ್ತೇನೆ."

"ಕೊಡಿ. ಕೊಂದೋನು ನಾನು ಅಂತ ಬರೀರಿ. ಬೇಯ್ಸಿದ್ದು ಯಾರು, ತಿಂದಿದ್ದು ಯಾರು ಅಂತನೂ ಬರೀಬೇಕಾಯ್ತದೆ. ನೀವು ಬರ್ಯಕ್ಕೆ ಕಲ್ತೋರು, ಒಂದೂ ಬುಡಬ್ಯಾಡಿ."

ಪಾಲು ಕಟ್ಟುವಾಗ ಈ ಮಾತು ನನ್ನ ತಲೆಯಲ್ಲಿ ಇರಲಿಲ್ಲ. ಕಟ್ಟಳೆಗೆ ಕೊಟ್ಟದ್ದು ನಿಜ. ಆದರೆ ಈಗ ಅದು ಅವರ ಬಾಯಿಗೆ ಬೀಗವಾಗಿದೆ ಎಂದು ಕಂಡಾಗ ನನಗೆ ಹಿತವಾಯಿತು. ಅದನ್ನು ಇಲ್ಲ ಎನ್ನಲಾರೆ.

ಅವರು ಕಂಪ್ಲೇಂಟ್ ಕೊಡಲಿಲ್ಲ. ಹೊಸ ವರ್ಷ ಕಳೆದ ಮೇಲೆ ಬಾಗಿಲಲ್ಲಿ ನಿಂತು, "ಹಿತ್ತಲು ಅರ್ಧ ಮಾಡಿ. ನಡುವೆ ಬೇಲಿ ಹಾಕಿ," ಎಂದಷ್ಟೇ ಹೇಳಿ ಹೋದರು. ಕಂಬ ಕಡಿದೆ, ಗುಂಡಿ ತೋಡಿದೆ. ನಾನು ಕೇಳಿದ ಬೇಲಿ ನನಗೆ ಸಿಕ್ಕಿತು.

ಕೊನೆಯ ಎಳೆ ತಂತಿ ಬಿಗಿಯುವಾಗ ರೈಟರಮ್ಮ ಬೇಲಿಯ ಆ ಕಡೆ ಬಂದು ನಿಂತರು. ಹಬ್ಬದ ಹಿಂದಿನ ದಿನದಿಂದ ನಮ್ಮ ಮನೆಯ ಯಾರೊಂದಿಗೂ ಮಾತಾಡಿರಲಿಲ್ಲ.

"ಅದು ಕೂಗಿತಾ?" ಎಂದು ಕೇಳಿದರು.

"ಕೂಗ್ತಿತ್ತು. ಅದು ಕೇಳೇ ನಾನು ಎದ್ದಿದ್ದು."

ಕಾಡುಕುರಿ ಗಾಬರಿಯಾದರೆ ನಾಯಿ ಬೊಗಳಿದ ಹಾಗೆಯೇ ಕೂಗುತ್ತದೆ. ಕಾಡು ಬಲ್ಲವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುವುದು. ಅವರೆದುರು ಅದು ಒಂದು ದಿನವೂ ಬಾಯಿ ತೆರೆದಿರಲಿಲ್ಲ.

"ನನಗೂ ಕೇಳಿತ್ತು," ಎಂದರು. "ರಸ್ತೆಯ ನಾಯಿ ಅಂತ ಮಾಡಿದೆ. ಇವರು ಎದ್ದು ನೋಡುವ ಅಂದ್ರು. ನಾನೇ ಬೇಡ, ಮಲಗಿ ಅಂದೆ."

ನಾನು ತಂತಿ ಎಳೆದು ಹಿಡಿದು ಮೊಳೆ ಹೊಡೆದೆ. ಅವರು ಅಲ್ಲೇ ನಿಂತಿದ್ದರು. ಇನ್ನೂ ಐದು ಕಂಬ ಬಾಕಿ ಇತ್ತು.