ದೊಡ್ಡಮ್ಮನ ಹೆಬ್ಬೆರಳು

ನಮ್ಮ ದೊಡ್ಡಮ್ಮ ಓದಿದ್ದು ಮೂರನೇ ಕ್ಲಾಸು. ನಾಟಿ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಸೊಪ್ಪು ಆರಿಸುತ್ತಾಳೆ. ನೆಲನೆಲ್ಲಿಯ ವಿಷಯದಲ್ಲಿ ಅವಳ ಮಾತೇ ಕೊನೆ, ದೊಡ್ಡ ದೊಡ್ಡ ಪಂಡಿತರಿಗೂ.

ಕಾಮಾಲೆಗೆಂದು ಹಿಂದಿನಿಂದಲೂ ಅರೆದು ಕೊಡುವ ಈ ಗೇಣುದ್ದದ ಗಿಡಕ್ಕೆ ತದ್ರೂಪಿ ಕಳೆಯೊಂದಿದೆ. ಮೇಲಿನಿಂದ ನೋಡಿದರೆ ಎರಡರದೂ ಹುಣಸೆ ಚಿಗುರಿನಂಥದೇ ಎಲೆ. ಗುಟ್ಟಿರುವುದು ಎಲೆಯ ಅಡಿಯಲ್ಲಿ. ನೆಲನೆಲ್ಲಿಯ ಸಾಸಿವೆಯಷ್ಟು ಕಾಯಿ ನುಣ್ಣಗಿರುತ್ತದೆ, ಪುಟ್ಟ ತೊಟ್ಟಿನಲ್ಲಿ ತೂಗುತ್ತದೆ. ಕಳೆಯದು ಒರಟು, ಕಡ್ಡಿಗೇ ಅಂಟಿರುತ್ತದೆ.

“ಎಲ್ಲಾ ಒಂದೇ ಸೊಪ್ಪಲ್ವಾ ಅಕ್ಕಾ?” ಎಂದು ಅಂಗಡಿಯವನು ಒಮ್ಮೆ ಕೇಳಿ ಕೆಟ್ಟ.

“ನೀನೂ ನಿನ್ನ ತಮ್ಮನೂ ಒಂದೇನಾ?” ಎಂದಳು ದೊಡ್ಡಮ್ಮ. ತಮ್ಮನೊಡನೆ ಮಾತು ಬಿಟ್ಟಿದ್ದ ಅವನು ಸೊಪ್ಪಿನ ಬುಟ್ಟಿಯನ್ನು ಅವಳ ಮುಂದೆಯೇ ಇಟ್ಟು ಹೋದ.

ಈಚೆಗೆ ಅವಳಿಗೆ ಪೊರೆಯ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಮಂಜು. ಹಾಗೆ ಮನೆಯಲ್ಲಿ ಕೂತಿದ್ದಾಗ ಅಂಗಡಿಯವನು, ಪುಡಿ ಮಾಡುವ ಮುಂಚೆ ಅವಳನ್ನೊಮ್ಮೆ ಕೇಳಲೆಂದು, ಒಣಗಿದ ನೆಲನೆಲ್ಲಿಯ ಚೀಲ ತಂದಿಟ್ಟ. ನಾನು ಕಡ್ಡಿಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟೆ. ಮಗುಚಿ, ಅಡಿಯನ್ನು ಹೆಬ್ಬೆರಳಿನಿಂದ ಸವರಿದಳು. ಇನ್ನೊಂದು ಕೇಳಿದಳು. ಮತ್ತೊಂದು.

“ಕಳೆ ಸೇರಿದೆ. ಚೀಲಾನೇ ತಿಪ್ಪೆಗೆ ಹಾಕು.”

ಅಂಗಡಿಯವನು ತಲೆ ಕೆರೆದುಕೊಂಡ. “ಅಕ್ಕಾ, ಇದು ಆಪರೇಷನ್‌ಗೆ ಮುಂಚೆ ನೀವೇ ಆರಿಸಿಟ್ಟಿದ್ದು.”

ಅವಳ ಬೆರಳು ಅರೆಗಳಿಗೆ ನಿಂತಿತು. ಆಮೇಲೆ ಕಡ್ಡಿಯನ್ನು ಮುರಿದು ಅವನ ಕಾಲಬುಡಕ್ಕೆ ಎಸೆದಳು.

“ಹಾಗಾದ್ರೆ ಈಗ್ಲೇ ಹಾಕು. ಅವತ್ತು ನಾನು ಬೆರಳು ಬಿಟ್ಟು ಕಣ್ಣನ್ನ ನಂಬಿದ್ದೆ.”