ದೊಡ್ಡಪ್ಪ ಎದ್ದು ನಿಂತ ಜಾಗ

ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ದೊಡ್ಡಪ್ಪನ ಚಟ್ಟವನ್ನು ದಾರಿಯ ನಡುವೆ ಇಳಿಸಿದಾಗ ಊರಿನ ಹಿರಿಯರೊಬ್ಬರು, "ಟೈಮ್ ನೋಡಪ್ಪಾ, ನಾಲ್ಕೂವರೆಗೆ ರಾಹುಕಾಲ ಬಂದ್ಬಿಡ್ತದೆ" ಎಂದರು. ಕೈಗಡಿಯಾರ ನೋಡಿ ಹೇಳಿದವನು ನಾನೇ. ಅದಕ್ಕೇ ಆ ಗಳಿಗೆ ಇಷ್ಟು ಖಚಿತವಾಗಿ ನೆನಪಿದೆ.

ಶ್ರೀನಿವಾಸಪುರದ ನಮ್ಮ ಕಡೆ ಹೆಣವನ್ನು ಸುಡುಗಾಡಿಗೆ ಒಯ್ಯುವಾಗ ಅರ್ಧ ದಾರಿಯಲ್ಲಿ ಒಮ್ಮೆ ಕೆಳಗಿಳಿಸುತ್ತಾರೆ. ಮಗನಾದವನು ಬಗ್ಗಿ ಕಿವಿಯಲ್ಲಿ ಮೂರು ಸಲ ಕೂಗಬೇಕು. ಜೀವ ಎಲ್ಲಾದರೂ ಉಳಿದಿದ್ದರೆ ಓಗೊಡಲಿ ಎಂದು. ತೆಲುಗಿನಲ್ಲಿ ಆ ಜಾಗಕ್ಕೆ ದಿಂಪುಡು ಕಳ್ಳಂ ಎಂದು ಹೆಸರೇ ಇದೆ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಕೂಗುವ ಸರದಿ ನನ್ನದಾಯಿತು. ಕೋಲಾರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದವನು ನಾನು. ಇದೆಲ್ಲ ಏನು ಎಂಬ ನಾಚಿಕೆಯಲ್ಲೇ ಬಗ್ಗಿ ಎರಡು ಸಲ ಗೊಣಗಿದೆ. ಮೂರನೆಯ ಸಲ "ದೊಡ್ಡಪ್ಪಾ" ಎಂದಾಗ ಅವನು ಕಣ್ಣು ತೆರೆದ.

ನಾನು ಹಿಂದಕ್ಕೆ ಬಿದ್ದೆ. ದೊಡ್ಡಪ್ಪ ಹೂವಿನ ಹಾರಗಳ ಸಮೇತ ಮಗ್ಗುಲಾಗಿ ಉರುಳಿ, ಮೊಣಕೈ ಊರಿ, ಎದ್ದು ನಿಂತ. ಮೂಗಿನಲ್ಲಿ ಹತ್ತಿ. ಬಾಯಿ ತೆರೆದುಕೊಳ್ಳದ ಹಾಗೆ ಗದ್ದದಿಂದ ನೆತ್ತಿಗೆ ಬಿಗಿದ ಬಟ್ಟೆ. ಎರಡೂ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ನಾವೇ ಕಟ್ಟಿದ್ದೆವು, ಆ ದಾರ ಸಡಿಲವಾಗಿತ್ತು, ಬಿಟ್ಟಿರಲಿಲ್ಲ. ಅವನು ಗೇಣು ಗೇಣು ಕಾಲೆಳೆಯುತ್ತಾ, ಗಂಟಲಲ್ಲೇ ಏನೋ ನರಳುತ್ತಾ ನಮ್ಮ ಕಡೆಗೆ ಬಂದ.

ಹಿರಿಯರು ಓಡಿದರು. ನಾವು ಏಳೆಂಟು ಜನ ಹುಡುಗರು ಓಡಲಿಲ್ಲ. ಅದು ಧೈರ್ಯವಲ್ಲ. ಅದಕ್ಕೆ ನಾಲ್ಕು ದಿನ ಮೊದಲು ನಾವೆಲ್ಲ ಶ್ರೀನಿವಾಸಪುರದ ಶೀಟಿನ ಮನೆಯೊಂದರಲ್ಲಿ ವಿಡಿಯೋ ನೋಡಿ ಬಂದಿದ್ದೆವು. ಇಂಗ್ಲಿಷ್ ಸಿನಿಮಾ. ಸತ್ತವರು ಎದ್ದು ನಡೆಯುತ್ತಾರೆ, ಕಚ್ಚುತ್ತಾರೆ, ಕಚ್ಚಿಸಿಕೊಂಡವರೂ ಹಾಗೇ ಆಗುತ್ತಾರೆ. ಆದರೆ ಕತೆ ಬಹುಪಾಲು ಒಬ್ಬ ಮಗಳದ್ದು. ಹಾಗಾಗಿಬಿಟ್ಟ ಅಪ್ಪನನ್ನು ಅವಳು ಕುರ್ಚಿಗೆ ಕಟ್ಟಿ ಕೂರಿಸಿ, ತಲೆ ಬಾಚುತ್ತಾಳೆ, ಚಮಚದಲ್ಲಿ ಗಂಜಿ ಕುಡಿಸುತ್ತಾಳೆ. ನಡುವೆ ಪಕ್ಕದ ಮನೆಯವನ ಜೊತೆ ಪ್ರೀತಿ, ಒಂದಿಷ್ಟು ತಮಾಷೆ. ಅರ್ಧ ಗಂಟೆ ಯಾರೂ ಯಾರನ್ನೂ ಹೊಡೆಯುವುದಿಲ್ಲ.

"ಏನ್ಲಾ ಇದು? ಈ ಹೆಣಕ್ಕಿಂತ ನಮ್ ಮುಳಬಾಗಿಲು ಬಸ್ಸೇ ವಾಸಿ" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಓಡ್ಸಣ್ಣಾ, ಮುಂದಕ್ಕೆ ಓಡ್ಸು!"

ವಿಡಿಯೋ ಹಾಕುವವನು ನಿಧಾನದ ಭಾಗಗಳನ್ನೆಲ್ಲ ಓಡಿಸಿದ. ಹೊಡೆದಾಟ ಬಂದಲ್ಲಿ ನಿಲ್ಲಿಸಿ, ಅರ್ಥ ತಾನೇ ಹೇಳಿದ: "ತಲೆಗೇ ಹೊಡೀಬೇಕು, ನೋಡ್ಕೊಳ್ರಿ. ಬೇರೆ ಎಲ್ಲಿಗೆ ಹೊಡದ್ರೂ ಸಾಯಕಿಲ್ಲ." ನಾವು ನೋಡಿಕೊಂಡೆವು.

ಸಂಜೆಯ ಬಿಸಿಲಲ್ಲಿ ದೊಡ್ಡಪ್ಪ ಕಾಲೆಳೆದು ಬರುತ್ತಿದ್ದಾಗ ನಮ್ಮಲ್ಲೊಬ್ಬ ಕಿರುಚಿದ: "ತಲೆಗೆ ಹಾಕ್ರೋ!" ಎಲ್ಲರೂ ಬಗ್ಗಿದರು. ನಾನೂ ಬಗ್ಗಿದೆ. ಮೊದಲ ಕಲ್ಲು ಪಕ್ಕಕ್ಕೆ ಹೋಯಿತು. ಎರಡನೆಯದು ಅವನ ಬಲಭುಜಕ್ಕೆ ಬಿತ್ತು. ಆ ಕಲ್ಲು ನನ್ನದು. ಗುರಿಯಿಟ್ಟದ್ದು ತಲೆಗೆ.

ಅಷ್ಟರಲ್ಲಿ ತಮಟೆ ಬಡಿಯುತ್ತಿದ್ದ ಮುದುಕ ತಮಟೆಯನ್ನು ಕೆಳಗೆ ಎಸೆದು ನಡುವೆ ಬಂದ. ಅವನು ಯಾವ ವಿಡಿಯೋವನ್ನೂ ನೋಡಿದವನಲ್ಲ.

"ಲೇ, ನಿಲ್ರಲಾ! ಮೈ ನೋಡ್ರಿ ಹೆಂಗೆ ಬೆವೆತೈತೆ. ಹೆಣ ಬೆವರ್ತದೇನ್ರಲಾ? ಓದಿರೋ ಮುಂಡೇವು!"

ದೊಡ್ಡಪ್ಪನನ್ನು ತಬ್ಬಿ ಕೂರಿಸಿ, ಗದ್ದದ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ದೊಡ್ಡಪ್ಪನ ಮೊದಲ ಮಾತು, "ನೀರು."

ದೊಡ್ಡಪ್ಪನಂಥ ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ನಾಡಿ ಕೈಗೆ ಸಿಗದಷ್ಟು ಇಳಿದುಬಿಡುತ್ತದೆ ಎಂದು ಆಮೇಲೆ ಕೋಲಾರದ ಡಾಕ್ಟರು ಹೇಳಿದರು. ಊರಿಗೆ ಅದು ಬೇಕಾಗಿರಲಿಲ್ಲ. ಚಟ್ಟ ಏರಿದವನು ಶಾಂತಿಯಾಗದೆ ಹೊಸ್ತಿಲು ದಾಟುವಂತಿಲ್ಲ ಎಂದು ದೊಡ್ಡವರು ಕೂತು ತೀರ್ಮಾನಿಸಿದರು. ಹನ್ನೆರಡು ದಿನ ಅವನನ್ನು ಖಾಲಿಯಿದ್ದ ರೇಷ್ಮೆಹುಳುವಿನ ಮನೆಯಲ್ಲಿಟ್ಟರು. ಮೊದಲ ದಿನವೇ ದೊಡ್ಡಮ್ಮ ಚಾಪೆ, ಗಂಜಿಯ ಪಾತ್ರೆ ಹಿಡಿದು ಅಲ್ಲಿಗೆ ಹೋದಳು. ತಡೆಯಬಂದವರಿಗೆ, "ಯಮ ಬೇಡ ಅಂದೋನ್ನ ನೀವೂ ಬೇಡ ಅಂದ್ರೆ ನಾನಾದ್ರೂ ಇಟ್ಕೊಬೇಕಲ್ಲಪ್ಪಾ" ಎಂದಳು.

ನನ್ನನ್ನು ಮಾತ್ರ ಊರೆಲ್ಲ ಹೊಗಳಿತು. ಕೂಗಿ ಕರೆದು ತಂದವನು ಎಂದು. ದೊಡ್ಡಮ್ಮ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಬಲಗೈಯನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ಬಾಯಿ ಬಿಡಲೂ ಆಗಲಿಲ್ಲ. ಕಲ್ಲು ಯಾರದೆಂದು ಯಾರೂ ಕೇಳಲಿಲ್ಲ. "ಹುಡುಗ್ರು" ಎಂದರು, ಅಷ್ಟೇ. ಹಾಸಿಗೆಗೆ ಹೋಗಿ ಕಣ್ಣು ಮುಚ್ಚಿದರೆ ಆ ಕಲ್ಲು ಭುಜಕ್ಕಿಂತ ಗೇಣು ಮೇಲಕ್ಕೆ ಹೋಗಿ ತಲೆಗೇ ಬೀಳುತ್ತಿತ್ತು, ಪ್ರತಿ ಸಲವೂ. ಎದ್ದು ಕೂತು ಬೆಳಗು ಮಾಡುತ್ತಿದ್ದೆ.

ಹನ್ನೊಂದನೆಯ ದಿನ ಮಧ್ಯಾಹ್ನ ದೊಡ್ಡಮ್ಮ ನೀರಿಗೆ ಹೋಗಿದ್ದಾಗ ಹೇಳಿಬಿಟ್ಟೆ.

"ದೊಡ್ಡಪ್ಪಾ, ಆ ಕಲ್ಲು ನಂದು. ತಲೆಗೇ ಹೊಡ್ದಿದ್ದು."

ಅವನು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ. "ಗೊತ್ತು ಕಣೋ. ನೀವು ಬಾಯಿ ಕಟ್ಟಿದ್ರಿ, ಕಣ್ಣು ಕಟ್ಟಿರ್ಲಿಲ್ವಲ್ಲ."

ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ.

"ಅಳಬ್ಯಾಡ. ಈ ತೋಳು ಮೇಲಕ್ಕೆ ಎತ್ತಕ್ಕಾಗ್ತಿಲ್ಲ. ಆ ಎಣ್ಣೆ ತಗೊಂಡ್ಬಾ, ತಿಕ್ಕು. ಮೆಲ್ಲಗೆ ತಿಕ್ಕೋ, ಅವತ್ತಿನ ಜೋರು ಬ್ಯಾಡ."

ಅಂದಿನ ರಾತ್ರಿಯೂ ನಿದ್ದೆ ಬರಲಿಲ್ಲ. ಮರುದಿನ ಶಾಂತಿ ಮಾಡಿಸಿ, ಮಗುವಿಗೆ ಇಡುವ ಹಾಗೆ ಮತ್ತೆ ಹೆಸರಿಟ್ಟು, ಅವನನ್ನು ಮನೆಯೊಳಕ್ಕೆ ಕರೆದುಕೊಂಡರು. ಜನ ನಗಾಡಿದರು, ನನಗೆ ನಗು ಬರಲಿಲ್ಲ. ಕಾಲೇಜಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ, ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಎರಡು ತಿಂಗಳು ಆ ತೋಳು ಎದೆಯ ಮಟ್ಟ ದಾಟಲಿಲ್ಲ. ಆಮೇಲೊಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ದೊಡ್ಡಪ್ಪ ಹಿತ್ತಲಲ್ಲಿ ಬಲಗೈ ಎತ್ತಿ, ತಲೆಗಿಂತ ಎತ್ತರದ ತಂತಿಯ ಮೇಲೆ ಒದ್ದೆ ಪಂಚೆ ಒಣಹಾಕುತ್ತಿದ್ದ. ನನ್ನನ್ನು ನೋಡಲಿಲ್ಲ.

ಆ ರಾತ್ರಿ ಮಲಗಿದವನು ಹೊತ್ತು ಹುಟ್ಟಿದ ಮೇಲೆ ಎದ್ದೆ.